ರಂಗೋಲಿ ಗೆರೆಯ ಆ ತುದಿ

ಎತ್ತಿದ ಕಾಲನ್ನು ನೀಲಗಂಗಾ ಕೆಳಗಿಡಲೇ ಇಲ್ಲ...

"ಗೆರಿ ಮ್ಯಾಲೆ ಕಾಲಿಡ್ರಿ ಅಕ್ಕಾರ," ಎಂದರು ಗುರಿ ಮುಟ್ಟುವ ತರಬೇತಿ ಕೊಡಲು ಬಂದಿದ್ದ ಕೋಚ್ ವಿನುತಾ ಮೇಡಂ.

"ನಾ ರಂಗೋಲಿ ತುಳಿಯೂದಿಲ್ರಿ ಮೇಡಂ."

ಮಹಿಳಾ ಸಂಘದ ಹಾಲ್ ತುಂಬ ನಗು.

ತಪ್ಪು ಮೇಡಂ ಅವರದೇ. ನೆಲಕ್ಕೆ ಅಂಟಿಸಲು ಬಣ್ಣದ ಟೇಪ್ ತಂದಿದ್ದರು. ಹುಬ್ಬಳ್ಳಿಯ ಆ ಹಳೆಯ ಹಾಲ್‌ನ ಕಲ್ಲುಹಾಸಿಗೆ ಅದು ಅಂಟಲಿಲ್ಲ. ಯಾರೋ ರಂಗೋಲಿ ಡಬ್ಬಿ ತಂದುಕೊಟ್ಟರು. ಮೇಡಂ ಬಾಗಿಲಿನಿಂದ ಕಿಟಕಿಯವರೆಗೆ ಒಂದು ಉದ್ದ ಗೆರೆ ಎಳೆದೇಬಿಟ್ಟರು.

"ಇದು ನಿಮ್ಮ ಟೈಮ್‌ಲೈನ್. ಬಾಗಿಲ ಕಡೆ ಆಗಿಹೋದ ದಿನಗಳು. ನಡುವ ಇವತ್ತು. ಕಿಟಕಿ ಹತ್ರ ನಿಮ್ಮ ಗುರಿ. ಅಲ್ಲಿ ನಿಂತು, ಗುರಿ ಮುಟ್ಟಿದವರ ಹಂಗ ಹಿಂದಕ್ಕ ತಿರುಗಿ ನೋಡಬೇಕು..."

ಅದಕ್ಕೂ ಮೊದಲು ಎಲ್ಲರೂ ತಮ್ಮ ಗುರಿ ಹೇಳಿಯಾಗಿತ್ತು. ಒಬ್ಬರಿಗೆ ರೊಟ್ಟಿ ಕೇಂದ್ರ ಬೇಕು. ಇನ್ನೊಬ್ಬರಿಗೆ ಮದುವೆಗಳ ಕೇಟರಿಂಗ್.

ನೀಲಗಂಗಾ ಹೇಳಿದ್ದು ಇಷ್ಟೇ: "ಸ್ಕೂಟಿ ಹೊಡಕೊಂಡು ಕುಂದಗೋಳಕ್ಕ ಹೋಗಬೇಕ್ರಿ. ನಮ್ಮಕ್ಕನ ಮನೀಗೆ."

"ಬಸ್ಸಿಗೆ ಹೋಗವಾ, ಫ್ರೀ ಐತಲ್ಲ," ಎಂದು ಹಿಂದಿನಿಂದ ಒಬ್ಬಾಕೆ ಕಾಲೆಳೆದಿದ್ದಳು.

"ಬಸ್ ಹತ್ತಸಾಕೂ ಒಬ್ರು ಬರಬೇಕಲ್ಲವಾ ನನಗ," ಎಂದಿದ್ದಳು ನೀಲಗಂಗಾ.

ಅದು ಆ ಮನೆಯ ಪದ್ಧತಿ. ಸೊಸೆ ಹೊರಟರೆ ಯಾರಾದರೂ ಬಿಟ್ಟು ಬರಬೇಕು, ಯಾರಾದರೂ ಹೋಗಿ ಕರೆತರಬೇಕು. ಯಾರೂ ಬೈದು ಹೇಳಿದ್ದಲ್ಲ. ಹಾಗೇ ನಡೆದುಕೊಂಡು ಬಂದಿತ್ತು... ಆ ಸೊಸೆ ಮಗಳ ಮದುವೆ ಮಾಡಿ, ತನಗೇ ಅಳಿಯ ಬಂದ ಮೇಲೂ.

"ಆತು, ತುಳೀಬ್ಯಾಡ್ರಿ. ಬಾಜೂಕ ನಡೀರಿ," ಎಂದರು ಮೇಡಂ. "ಮೊದಲಿಗೆ ಬಾಗಿಲ ಕಡೆ ಹೋಗ್ರಿ. ಏನ್ ಕಾಣತೈತಿ?"

ನೀಲಗಂಗಾ ಗೆರೆಯ ಪಕ್ಕದಲ್ಲೇ ನಡೆದು ಬಾಗಿಲ ಬಳಿ ನಿಂತಳು.

"ಒಬ್ಬಾಕಿ ಬ್ಯಾಗ್ ಹಿಡಕೊಂಡು ಬಾಗಲಾಗ ನಿಂತಾಳ್ರಿ."

"ಯಾರು?"

"ನಾನಽ."

ಅವ್ವ ಹೋದಳೆಂದು ಫೋನ್ ಬಂದ ದಿನ. ಬೆಳಿಗ್ಗೆಯೇ ಬ್ಯಾಗ್ ತುಂಬಿ ನಿಂತಿದ್ದಳು. ಗಂಡ ಚನಬಸಪ್ಪ ಪಾತ್ರೆ ಅಂಗಡಿಯಿಂದ "ಈಗ ಬಂದೆ" ಎಂದಿದ್ದ. ಮದುವೆ ಸೀಸನ್... ಗಿರಾಕಿ ಬಿಡಲಿಲ್ಲ. ಕಡೆಗೆ, ಹೊತ್ತು ಮುಳುಗಿದಾಗ, ಮೈದುನನ ಬೈಕ್ ಸಿಕ್ಕಿತು.

"ಅವ್ವನ ಮಣ್ಣಿಗೂ ಸಿಗಲಿಲ್ರಿ ನಾ. ಮಣ್ಣು ಕೊಟ್ಟು ಎಲ್ಲಾರೂ ಹೊಳ್ಳಿ ಬರಾಕತ್ತಿದ್ರು..."

ಈಗ ಯಾರೂ ನಗಲಿಲ್ಲ.

ಅವತ್ತಿನಿಂದ ಆ ಬಾಗಿಲನ್ನು ಆಕೆ ಒಳಗೊಳಗೇ ಎಷ್ಟೋ ಸಲ ಕಂಡಿದ್ದಳು. ಆದರೆ ಹೀಗೆ ಪಕ್ಕದಲ್ಲಿ ನಿಂತು ಕಂಡದ್ದು ಇದೇ ಮೊದಲು. ಕಾಲು ನೋಯುವವರೆಗೂ ನಿಂತ ಆ ಹೆಂಗಸಿನ ಮೇಲೆ ಸಿಟ್ಟು ಬರಲಿಲ್ಲ. ಪಾಪ ಎನಿಸಿತು.

"ಈಗ ಅಕ್ಕಗ ಕಣ್ಣು ಮಂಜಾಗಾಕತ್ತಾವ್ರಿ. ವಾಸಿ ಆಗೂದಲ್ಲ ಅಂದಾರ ಡಾಕ್ಟ್ರು. ಪೂರ್ತಿ ಹೋಗೂದ್ರಾಗ ನನ್ನ ಮಾರಿ ನೋಡಬೇಕಂತ ಆಕಿಗೆ."

ಮೇಡಂ ಮೆಲ್ಲಗೆ ಆಕೆಯನ್ನು ಕಿಟಕಿಯ ತುದಿಗೆ ಕರೆದೊಯ್ದರು.

"ಕುಂದಗೋಳ ಬಂತು. ಅಕ್ಕ ಬಾಗಿಲಾ ತಗದಾಳ. ಹಿಂದಕ್ಕ ನೋಡ್ರಿ... ಇಲ್ಲಿಗೆ ಬರೂ ಮೊದಲ ಏನ್ ಮಾಡಿದ್ರಿ?"

"ರೈಲ್ವೆ ಗೇಟ್ ದಾಟಿದೆ. ಅದಽ ಹೆದರಿಕಿ ನನಗ."

"ಅದಕ್ಕೂ ಮೊದಲು?"

"ಒಬ್ಬಾಕಿನಽ ಮಾರ್ಕೆಟ್‌ಗೆ ಹೋಗಿ ಬಂದೆ."

"ಅದಕ್ಕೂ ಮೊದಲು?"

"ಗ್ರೌಂಡಿನ್ಯಾಗ ಬಿದ್ದೆ." ಸ್ವಲ್ಪ ಯೋಚಿಸಿ ಸೇರಿಸಿದಳು, "ಭಾಳ ಸಲ."

ಈ ಸಲ ಎಲ್ಲರ ಜೊತೆ ಆಕೆಯೂ ನಕ್ಕಳು.

"ಅದಕ್ಕೂ ಮೊದಲು?"

ನಗು ನಿಂತಿತು. ಮಗಳಿಗೆಂದು ಕೊಂಡ ಸ್ಕೂಟಿ... ಮಗಳು ಮದುವೆಯಾಗಿ ಹೋದ ಮೇಲೆ ಅಂಗಳದಲ್ಲಿ ಕವರ್ ಹೊದ್ದು ನಿಂತಿತ್ತು. ಅದರ ಕೀಲಿಕೈ ಗಂಡನ ಕಪಾಟಿನಲ್ಲಿತ್ತು.

"ಕೀಲಿಕೈ ಕೇಳಿದೆ," ಎಂದಳು ನೀಲಗಂಗಾ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು.

ಅಂದು ಸಂಜೆಯೇ ಕೇಳಿದಳು.

ಚನಬಸಪ್ಪ ಪೇಪರ್‌ನಿಂದ ತಲೆ ಎತ್ತಲಿಲ್ಲ. "ನಿನಗ್ಯಾಕ ಅದು? ಎಲ್ಲಿಗಂತ ಹೇಳು, ನಾ ಬಿಟ್ಟು ಬರ್ತೀನಿ."

"ಯಾವಾಗ?"

ಆಕೆ ಕೈ ಚಾಚಿಕೊಂಡು ಅಲ್ಲೇ ನಿಂತಳು. ಪುಟ ತಿರುಗಿತು... ಇನ್ನೊಂದು ಪುಟ ತಿರುಗಿತು. ಕಡೆಗೆ ಕೀಲಿಕೈ ಅಂಗೈಗೆ ಬಿತ್ತು.

ಮುಂದಿನದೆಲ್ಲ ಗೆರೆಯ ಮೇಲೆ ಕಂಡ ಹಾಗೇ ನಡೆಯಿತು ಅಂತೇನಲ್ಲ. ಗ್ರೌಂಡ್‌ನಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚೇ ಬಿದ್ದಳು. ಮೊಣಕೈಗೆ ಅರಿಸಿನ ಮೆತ್ತಿಕೊಂಡೇ ಲೈಸೆನ್ಸ್‌ನ ಫೋಟೋಗೆ ಕೂತಳು. ರೈಲ್ವೆ ಗೇಟ್ ಮುಂದೆ ಎರಡು ಸಲ ಗಾಡಿ ಆಫ್ ಆಗಿ, ಹಿಂದಿನ ಲಾರಿಯವನಿಂದ ಬೈಸಿಕೊಂಡಳು.

ಮೂರನೆಯ ಸಲ ದಾಟಿದಳು.

ಆ ಭಾನುವಾರ ಬೆಳಿಗ್ಗೆ ಅಂಗಳ ಸಾರಿಸಿ, ರಂಗೋಲಿಯನ್ನು ಯಾವತ್ತಿನಂತೆ ಬಾಗಿಲ ಎದುರಿಗೇ ಹಾಕಲಿಲ್ಲ... ಒಂದು ಪಕ್ಕಕ್ಕೆ ಹಾಕಿದಳು. ಗಾಲಿಗೆ ದಾರಿ ಬಿಟ್ಟು.

ಅಕ್ಕನಿಗೆ ಇಷ್ಟವೆಂದು ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ಬ್ಯಾಗ್‌ನಲ್ಲಿತ್ತು. ಬ್ಯಾಗ್ ಸ್ಕೂಟಿಯ ಕೊಂಡಿಗೆ ತೂಗಿ, ಹೆಲ್ಮೆಟ್ ಕಟ್ಟಿಕೊಳ್ಳುತ್ತಿದ್ದಳು.

ಚನಬಸಪ್ಪ ಹೊರಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ತನ್ನ ಬೈಕ್ ಹೊರಗೆ ತಳ್ಳಿ, ಹಿಂದಿನ ಸೀಟನ್ನು ಕರ್ಚೀಫಿನಿಂದ ಒರೆಸಿದ.

"ನೀಲಾ... ಇವತ್ತ ಅಂಗಡಿ ಬಂದ್ ಇಟ್ಟೇನಿ," ಎಂದ. ದನಿ ತಗ್ಗಿತ್ತು. "ಅವತ್ತ ಬರಲಿಲ್ಲ ನಾ. ಗೊತ್ತೈತಿ ನನಗ. ಹಿಂದ ಕೂಡು... ಬಿಟ್ಟು ಬರ್ತೀನಿ."

ಆ ಬಾಗಿಲಲ್ಲಿ, ಆ ಬ್ಯಾಗ್ ಹಿಡಿದು, ಹೊತ್ತು ಮುಳುಗುವವರೆಗೂ ಆಕೆ ಕಾದದ್ದು ಇದೇ ಮಾತಿಗೆ.

ಕಣ್ಣು ತುಂಬಿ ಬಂದವು. ಗಂಡನ ಮುಖವನ್ನೇ ನೋಡಿದಳು. ಸಿಟ್ಟು ಎಲ್ಲೂ ಇರಲಿಲ್ಲ.

ನಿಧಾನವಾಗಿ ತನ್ನ ಸ್ಕೂಟಿಯ ಸ್ಟ್ಯಾಂಡ್ ಸರಿಸಿದಳು.

"ಒಲ್ಲೆ," ಎಂದಳು.

•

*ಗುರಿಯ ತುದಿಯಲ್ಲಿ ನಿಂತು ಹಿಂದಕ್ಕೆ ನೋಡಿದರೆ, ಮೊದಲ ಹೆಜ್ಜೆ ನಮ್ಮ ಹೊಸ್ತಿಲಲ್ಲೇ ಕಾಣುತ್ತದೆ.*

ನಿಮ್ಮ ಗೆರೆಯ ಆ ತುದಿಯಿಂದ ಒಮ್ಮೆ ತಿರುಗಿ ನೋಡಿ... ಬ್ಯಾಗ್ ಹಿಡಿದು ನೀವು ಇನ್ನೂ ಯಾರಿಗಾಗಿ ಕಾಯುತ್ತಿದ್ದೀರಿ?