ನಂದ ಹಾಕ್ರಿ

ಜನನ ನೋಂದಣಿಯ ಕಿಟಕಿಯ ಮುಂದೆ ಅವಳು ಹನ್ನೆರಡು ದಿನದ ಕೂಸನ್ನು ಅವಚಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಅವನಿದ್ದ.

“ನಿಮ್ಮಿಬ್ಬರ ಲಗ್ನ ಆಗೇತೇನ್ರಿ?” ಗುಮಾಸ್ತ ಕೇಳಿದ.

“ಇಲ್ರಿ. ಆದ್ರ ಅಪ್ಪ ನಾನ. ನನ್ನ ಅಡ್ಡಹೆಸರ ಹಾಕ್ರಿ,” ಎಂದ ಅವನು.

“ಬ್ಯಾಡ್ರಿ,” ಎಂದಳು ಅವಳು. “ನಾಳೆ ಇವರು ಬಿಟ್ಟು ಹ್ವಾದ್ರ ಕೂಸು ಯಾರ ಹೆಸರ ಹೊತ್ಕೊಂಡು ತಿರಗಬೇಕ್ರಿ? ಒಂಬತ್ತ ತಿಂಗಳ ಹೊತ್ತಾಕಿ ನಾನು. ನಂದ ಹಾಕ್ರಿ.”

ಗುಮಾಸ್ತ ಪೆನ್ನು ಎತ್ತಿಕೊಂಡ.

“ಆತವ್ವಾ, ನಿನ್ನ ಆಧಾರ್ ಕೊಡು. ಅದರಾಗ ಹೆಂಗೈತಿ ಹಂಗ ಬರೀಬೇಕು.”

ಅವಳು ಕಾರ್ಡನ್ನು ಒಳಗೆ ಸರಿಸಿದಳು. ಗುಮಾಸ್ತ ಅದರಲ್ಲಿದ್ದ ಅಡ್ಡಹೆಸರನ್ನು ಗಟ್ಟಿಯಾಗಿ ಓದುತ್ತ ಬರೆದುಕೊಂಡ.

ಅದು, ಹೊಡೆತ ತಾಳಲಾರದೆ ಎರಡು ವರ್ಷದ ಹಿಂದೆ ಅವಳು ಬಿಟ್ಟು ಬಂದ ಗಂಡನದು.