ಜೊತೆಗೆ ಬಂದವನು

ಅಮ್ಮನ ಮುಂದಿಟ್ಟ ತಟ್ಟೆಯಿಂದ ಕೊನೆಯ ಬಿಸ್ಕತ್ತನ್ನೂ ಮಗ ಎತ್ತಿ ಬಾಯಿಗೆ ತುರುಕಿಕೊಂಡ. ಅಷ್ಟಕ್ಕೇ ಬಿಡಲಿಲ್ಲ. ಬೆರಳು ನೆಕ್ಕಿ, ತಟ್ಟೆಯಲ್ಲಿ ಉಳಿದ ಪುಡಿಯನ್ನೂ ಒತ್ತಿ ಒತ್ತಿ ತೆಗೆದು ತಿಂದ. ಅದೇ ಎಂಜಲು ಕೈಯಿಂದ ಮೇಜಿನ ಮೇಲಿದ್ದ ಚಿತ್ರದ ಕಾರ್ಡುಗಳನ್ನು ಕೆದಕಿದ.

ಸಂಶೋಧಕಿ ಅಸಹ್ಯವನ್ನು ಮುಖದಲ್ಲಿ ತೋರಗೊಡದೆ ಕಾರ್ಡುಗಳನ್ನು ಒರೆಸಿ ಮತ್ತೆ ಜೋಡಿಸಿಟ್ಟಳು.

ವಯಸ್ಸಾದವರ ನೆನಪು ಹೇಗೆ ಸವೆಯುತ್ತದೆ ಎಂಬುದು ಅವಳ ಅಧ್ಯಯನ. ಅರವತ್ತು ದಾಟಿದವರು ವಿಶ್ವವಿದ್ಯಾಲಯದ ಈ ಕೋಣೆಗೆ ಬಂದು, ಕೆಲವು ಪದಗಳನ್ನು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ನೆನಪಿನಿಂದ ಹೇಳಬೇಕು. ಈ ತಾಯಿ ತಾವಾಗಿಯೇ ಫೋನ್ ಮಾಡಿ ಬಂದವರು. "ತುಂಬಾ ಮರೆವು ಮೇಡಂ. ಒಬ್ಬಳೇ ಬರೋಕಾಗಲ್ಲ, ಮಗನ ಜೊತೆ ಬರ್ತೀನಿ" ಎಂದಿದ್ದರು. ಮಗನಿಗೆ ಐವತ್ತರ ಆಸುಪಾಸು. ಮೇಷ್ಟರಾಗಿದ್ದವನು, ಈಗ ಕೆಲಸವಿಲ್ಲ. ತಾಯಿಯ ಪಿಂಚಣಿಯಲ್ಲಿ ಬಿಟ್ಟಿ ಕೂಳು ತಿನ್ನುವವನೆಂದು ಸಂಶೋಧಕಿ ಮೊದಲ ದಿನವೇ ತೀರ್ಮಾನಿಸಿದ್ದಳು.

"ಆಗ್ಲೇ ಹೇಳಿದ್ನಲ್ಲ, ಆ ಪದಗಳು ನೆನಪಿದೆಯಾಮ್ಮ?"

"ಏಣಿ... ಆಮೇಲೆ..." ತಾಯಿ ತಡವರಿಸಿದರು.

"ಏಣಿ, ಸೂಜಿ, ನವಿಲು, ಕೊಡೆ, ಬಾವಿ!" ಮಗ ಗಿಣಿಪಾಠದಂತೆ ಒಪ್ಪಿಸಿಬಿಟ್ಟ. "ಇಷ್ಟೂ ಗೊತ್ತಾಗಲ್ವಾ ಈ ಮುದುಕಿಗೆ? ಮೇಡಂ, ಇವಳು ಇನ್ನೆಷ್ಟು ದಿನ ಇರ್ತಾಳೆ?"

ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳುವ ಹಾಗೆ ಕೇಳಿದ. ತಾಯಿ ತಲೆ ತಗ್ಗಿಸಿ, ಅವನ ಕೊಳಕು ಅಂಗಿಯ ಮೇಲೆ ಬಿದ್ದ ಪುಡಿಯನ್ನು ಕೊಡವಿದರು.

"ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಸಂಶೋಧಕಿ ಹಲ್ಲು ಕಚ್ಚಿ ಮಗನಿಗೆ ಹೇಳಿದಳು.

"ಬೇಡ ಮೇಡಂ!" ತಾಯಿ ಗಾಬರಿಯಾದರು. "ಅವನು ಇಲ್ಲೇ ಇರ್ಲಿ. ನಿಮ್ಮ ಕಣ್ಣೆದುರಿಗೇ ಇರ್ಲಿ."

ಎಷ್ಟು ಹೆದರಿಸಿಟ್ಟಿದ್ದಾನೋ ಎಂದುಕೊಂಡಳು ಸಂಶೋಧಕಿ. ಪ್ರತಿ ಸಲವೂ ಇದೇ ಕಥೆ. ಸುಲಭದ ಪದಗಳನ್ನು ಮರೆಯುವ ಈ ತಾಯಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ನಿಮ್ಮ ಬೆನ್ನುನೋವು ಕಡಿಮೆ ಆಯ್ತಾ?" ಎಂದು ಕೇಳುತ್ತಿದ್ದರು. ಎಂದೋ ಬಾಯಿಜಾರಿ ಹೇಳಿದ ಬೆನ್ನುನೋವು ಅದು. ಇದು ಮರೆವಲ್ಲ, ಮಗನೆದುರು ನಾಲಿಗೆ ಕಟ್ಟಿಹೋಗುತ್ತಿದೆ ಎಂಬುದರಲ್ಲಿ ಅವಳಿಗೆ ಸಂಶಯ ಉಳಿದಿರಲಿಲ್ಲ.

ಅಂದು ಅವರಿಬ್ಬರನ್ನೂ ಕಳಿಸಿಕೊಡಲು ಎದ್ದಳು. ಹೊರಗಿನ ಬೆಂಚಿನಲ್ಲಿ ತಮ್ಮ ಸರದಿಗಾಗಿ ಕಾಯುತ್ತಿದ್ದ ಮುದುಕರೊಬ್ಬರ ಕೈ ನಡುಗಿ, ಚಹಾ ಪಂಚೆಯ ಮೇಲೆ ಚೆಲ್ಲಿತು. ಮಗ ಕೇಕೆ ಹಾಕಿ ನಕ್ಕ. ಅವರ ಎದುರಿಗೇ ನಿಂತು ತನ್ನ ಕೈಯನ್ನೂ ಗಡಗಡ ನಡುಗಿಸಿ ತೋರಿಸಿದ. ಮುದುಕರ ಕಣ್ಣಲ್ಲಿ ನೀರು ತುಂಬಿಕೊಂಡಿತು.

"ತಪ್ಪು ತಿಳ್ಕೋಬೇಡಿ, ದಯವಿಟ್ಟು ತಪ್ಪು ತಿಳ್ಕೋಬೇಡಿ," ತಾಯಿ ಸೆರಗಿನಿಂದ ಆ ಪಂಚೆಯನ್ನು ಒರೆಸತೊಡಗಿದರು.

ಇನ್ನು ಸಹಿಸಲಾಗಲಿಲ್ಲ. ಅವನ ಮೈಯಿಂದ ಬರುತ್ತಿದ್ದ ಕಮಟು ವಾಸನೆ, ಆ ನಗು, ತುಟಿಯಂಚಿನ ಜೊಲ್ಲು, ಎಲ್ಲ ಸೇರಿ ಸಂಶೋಧಕಿಯನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿದವು.

"ಕ್ಯಾಂಟೀನಲ್ಲಿ ಕೇಕ್ ಇದೆ, ಹೋಗಿ ತಿನ್ನಿ," ಎಂದಳು. ಅವನು ತಾಯಿಯತ್ತ ತಿರುಗಿಯೂ ನೋಡದೆ ಓಡಿದ.

ಅವಳು ತಾಯಿಯನ್ನು ಒಳಗೆ ಕರೆದು ಬಾಗಿಲು ಹಾಕಿದಳು. "ಅಮ್ಮಾ, ಇಂಥ ಮನುಷ್ಯನ ಜೊತೆ ನೀವು ಬದುಕ್ಬೇಕಾಗಿಲ್ಲ. ಹಿರಿಯರಿಗೆ ಸಹಾಯ ಮಾಡೋರಿದ್ದಾರೆ, ನಾನೇ ಮಾತಾಡ್ತೀನಿ. ಅವನನ್ನ ನೋಡಿದ್ರೆ ಅಸಹ್ಯ ಆಗುತ್ತೆ ನನಗೆ."

ತಾಯಿ ಅಳಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು.

"ಎಲ್ರಿಗೂ ಆಗುತ್ತೆ ಮೇಡಂ. ಹೆಂಡ್ತಿ ಬಿಟ್ಟು ಹೋದ್ಲು. ಸ್ಕೂಲಿನವರು ಮನೆಗೆ ಕಳಿಸಿದ್ರು. ಯಾಕೆ ಹೀಗಾದ ಅಂತ ಒಬ್ರೂ ಕೇಳ್ಲಿಲ್ಲ."

"ಮತ್ತೆ ಅವನನ್ನೇ ಯಾಕೆ ಇಲ್ಲಿಗೆ ಕರ್ಕೊಂಡು ಬರ್ತೀರಿ?"

"ನಿನ್ನನ್ನ ಡಾಕ್ಟರಿಗೆ ತೋರಿಸೋಣ ಅಂದ್ರೆ ಅವನು ಬರಲ್ಲ, ಅಮ್ಮನಿಗೆ ಮರೆವು ಅಂದ್ರೆ ಬರ್ತಾನೆ. ನನ್ನ ತಲೆ ಸರಿಯಾಗೇ ಇದೆ ಮೇಡಂ. ಬಂಗಾರದಂಥ ನನ್ನ ಮಗನ ತಲೆಗೆ ಈ ಎರಡು ವರ್ಷದಲ್ಲಿ ಏನಾಗ್ತಾ ಇದೆ, ಅದನ್ನ ನೋಡಿ ಹೇಳಿ."