ಎರಡು ಸುಳ್ಳು

ನಮ್ಮೂರಿನ ಬಸ್‌ ಸ್ಟಾಪಿನ ಜಾಹೀರಾತು ಫಲಕ ನಿಂತವರನ್ನು ಹೆಸರು ಹಿಡಿದು ಕರೆಯುತ್ತದೆ. ನಮ್ಮ ಬಗ್ಗೆ ಅದಕ್ಕೆ ತಿಳಿಸುವವರು ನಮ್ಮವರೇ. ತಿಳಿಸಿದವರಿಗೆ ಅಂಗಡಿಗಳಲ್ಲಿ ರಿಯಾಯಿತಿ ಸಿಗುತ್ತದೆ. ಇದಕ್ಕೆ ಈಗ ಯಾರೂ ಬೇಸರಪಡುವುದಿಲ್ಲ.

ಸೋಮವಾರ ಫಲಕ ಕೂಗಿತು: "ಇಂಚರಾ, ಪ್ರಸನ್ನನನ್ನು ಮರೆಯಬೇಕೇ? ಗೋಕರ್ಣಕ್ಕೆ ಮೂರು ದಿನದ ಪ್ಯಾಕೇಜ್!" ಪ್ರಸನ್ನ ನನ್ನ ಹಿಂದೆಯೇ ನಿಂತಿದ್ದ.

ಪ್ರಸನ್ನನನ್ನು ಮರೆಯಲಾಗದೆ ಒದ್ದಾಡುತ್ತಿದ್ದೇನೆಂದು ಗೊತ್ತಿದ್ದದ್ದು ಇಬ್ಬರಿಗೆ, ಅಮ್ಮನಿಗೆ ಮತ್ತು ಗೆಳತಿ ಸುಪ್ರಭಾಳಿಗೆ.

ಆಫೀಸಿನಲ್ಲಿ ನನ್ನ ಕೆಲಸವೇ ಎರಡು ಬಗೆಯ ಜಾಹೀರಾತು ಹಾಕಿ, ಯಾವುದು ಗೆದ್ದಿತೆಂದು ಅಂಕಿಅಂಶ ನೋಡುವುದು. ಫಲಕಕ್ಕೆ ತಿಳಿಸಿದ್ದು ಯಾರೆಂದು ಕಂಡುಹಿಡಿಯಲು, ಹಾಗೆಯೇ ಇಬ್ಬರಿಗೂ ಒಂದೊಂದು ಸುಳ್ಳು ಹೇಳಿದೆ.

"ಅಮ್ಮಾ, ಈಜು ಕಲೀಬೇಕು ಅನ್ಸಿದೆ. ಯಾರ್ಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ ಪುಟ್ಟಿ? ನನ್ ಹೊಟ್ಟೇಲೇ ಇರತ್ತೆ."

ಸುಪ್ರಭಾಳಿಗೆ, ನಾಯಿ ಸಾಕುವ ಆಸೆ ಎಂದೆ.

"ಮೊದ್ಲು ನಿನ್ನನ್ನ ನೀನು ಸಾಕ್ಕೋ! ಹೇಳಲ್ಲ ಕಣೇ, ನಿನ್ನಾಣೆ."

ಮರುದಿನ ಬೆಳಿಗ್ಗೆ ಫಲಕ ಕೇಳಿತು: "ಇಂಚರಾ, ನಾಯಿಮರಿ ಬೇಕೇ?"

ಕಣ್ಣು ತುಂಬಿ ಬಂತು. ಆದರೂ ಸದ್ಯ, ಅಮ್ಮ ಅಲ್ಲವಲ್ಲ ಎಂದು ಉಸಿರುಬಿಟ್ಟೆ. ಆಫೀಸಿನಲ್ಲಿ ಎರಡರಲ್ಲಿ ಒಂದು ಯಾವಾಗಲೂ ಸೋಲುತ್ತದೆ.

ಅಷ್ಟರಲ್ಲಿ ಚಿತ್ರ ಬದಲಾಯಿತು. ನೀಲಿ ಈಜುಡುಗೆಯೊಂದು ತಿರುಗುತ್ತಾ ಬಂದು ನಿಂತಿತು.

ಅಳತೆ ಕೂಡ ನನ್ನದೇ.